ಆ ಕೆಂಪು ಕನೆಕ್ಟರ್ ನಮಗೂ ತೆರೆಯಲಿ

ಬೈಕ್ ತಯಾರಿಸುವ ಕಂಪನಿಗಳ ಎಂಜಿನಿಯರುಗಳಿಗೂ ಸರ್ವಿಸ್ ವಿಭಾಗದ ಹಿರಿಯರಿಗೂ ರಟ್ಟೀಹಳ್ಳಿಯಿಂದ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಹಾವೇರಿ ಜಿಲ್ಲೆಯ ರಟ್ಟೀಹಳ್ಳಿಯಲ್ಲಿ ಗ್ಯಾರೇಜು ಇಟ್ಟುಕೊಂಡವನು. ಕುಮುದ್ವತಿ ದಂಡೆಯ ಊರು. ಕದಂಬೇಶ್ವರ ದೇವಸ್ಥಾನ ನೋಡಲು ಬರುವವರಿಗೆ ಹೆಸರು ಗೊತ್ತಿರುತ್ತದೆ. ಮೊದಲು ಹಿರೇಕೆರೂರು ತಾಲ್ಲೂಕಿನಲ್ಲಿದ್ದೆವು, ಈಗ ನಮ್ಮದೇ ತಾಲ್ಲೂಕು. ಸುತ್ತಲಿನ ಹಳ್ಳಿಗಳ ಹಾಲಿನ ಕ್ಯಾನು, ಗೊಬ್ಬರದ ಚೀಲ, ಶಾಲೆಗೆ ಹೋಗುವ ಮಕ್ಕಳು, ಆಸ್ಪತ್ರೆಗೆ ಹೊರಟ ಹಿರಿಯರು ಎಲ್ಲವೂ ಬೈಕಿನ ಮೇಲೆಯೇ. ಆ ಬೈಕುಗಳು ನಿಂತರೆ ಬರುವುದು ನನ್ನಂಥವರ ಬಾಗಿಲಿಗೆ. ಅದಕ್ಕೇ ಈ ಪತ್ರ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಂಜೆಕ್ಷನ್ ಬೇಡ, ಕಾರ್ಬುರೇಟರ್ ವಾಪಸ್ ಕೊಡಿ ಎಂದು ಕೇಳುವುದಕ್ಕೆ ನಾನು ಬರೆಯುತ್ತಿಲ್ಲ. ನೀವು ಮಾಡಿದ ಕೆಲಸ ದೊಡ್ಡದು. 6000 ಆರ್‌ಪಿಎಂನಲ್ಲಿ ಕ್ರ್ಯಾಂಕು ಸೆಕೆಂಡಿಗೆ 100 ಸುತ್ತು ಹಾಕುತ್ತದೆ. ಫೋರ್ ಸ್ಟ್ರೋಕ್ ಎಂಜಿನ್ನಿಗೆ ಎರಡು ಸುತ್ತಿಗೊಮ್ಮೆ ಪೆಟ್ರೋಲ್ ಬೇಕು. ಅಂದರೆ ಸೆಕೆಂಡಿಗೆ 50 ಸಲ, ಒಂದೊಂದು ಸಲಕ್ಕೆ ಸಿಗುವ ಸಮಯ 20 ಮಿಲಿಸೆಕೆಂಡು. ಅಷ್ಟರೊಳಗೆ ಗಾಡಿಯ ಮಿದುಳಾದ ನಿಮ್ಮ ಇಸಿಯು ಗಾಳಿಯ ಒತ್ತಡ, ಗಾಳಿಯ ಶಾಖ, ಎಂಜಿನ್ನಿನ ಶಾಖ, ಆಕ್ಸಿಲರೇಟರ್ ಎಷ್ಟು ತಿರುಗಿದೆ ಎಂಬುದನ್ನೆಲ್ಲ ಲೆಕ್ಕ ಹಾಕಿ, ಇಂಜೆಕ್ಟರನ್ನು ಎರಡೋ ನಾಲ್ಕೋ ಮಿಲಿಸೆಕೆಂಡು ತೆರೆದು ಮುಚ್ಚುತ್ತದೆ. ಸೈಲೆನ್ಸರಿನ ಕೊರಳಲ್ಲಿ ಕೂತ ಆಕ್ಸಿಜನ್ ಸೆನ್ಸರ್ ಹೊಗೆಯನ್ನು ನೋಡಿ, ಪೆಟ್ರೋಲ್ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ತಿರುಗಿ ಹೇಳುತ್ತದೆ. ನಾನು ಕಿವಿಯಿಂದ ಜೀವಮಾನವಿಡೀ ಮಾಡಿದ ಕೆಲಸವನ್ನು ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತು ಸಲ ಮಾಡುತ್ತದೆ. ಆ ವಿದ್ಯೆಗೆ ನನ್ನ ಗೌರವವಿದೆ.

ನಾನು ಪಾನಾ ಹಿಡಿಯಲು ಕಲಿತದ್ದು ರಾಣೆಬೆನ್ನೂರಿನ ಒಬ್ಬ ಉಸ್ತಾದರ ಕೈಕೆಳಗೆ. ಆಗ ಟ್ಯೂನಿಂಗ್ ಅಂದರೆ ಏರ್ ಸ್ಕ್ರೂ. ಅದನ್ನು ಪೂರ್ತಿ ಒಳಗೆ ತಿರುಗಿಸಿ, ಹಗುರಾಗಿ ಕೂತ ಮೇಲೆ ಒಂದೂವರೆ ಸುತ್ತು ಹೊರಗೆ ತರಬೇಕು. ಆಮೇಲೆ ಎಂಜಿನ್ ಕಾಯಿಸಿ, ಕಾಲು ಸುತ್ತು ಆ ಕಡೆ ಕಾಲು ಸುತ್ತು ಈ ಕಡೆ ಆಡಿಸುತ್ತ, ಸದ್ದು ಎಲ್ಲಿ ದುಂಡಗಾಗುತ್ತದೋ ಅಲ್ಲಿ ಬಿಡಬೇಕು. ಎರಡು ದಿನ ಓಡಿಸಿದ ಮೇಲೆ ಪ್ಲಗ್ ಬಿಚ್ಚಿ ನೋಡಬೇಕು: ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಬಿಳಿಚಿಕೊಂಡಿದ್ದರೆ ಕಡಿಮೆ, ಇಟ್ಟಿಗೆಯ ಬಣ್ಣವಿದ್ದರೆ ಸರಿ. ಉಸ್ತಾದರ ಕೈಗೆ ಹೆಚ್ಚಾಗಿ ಬರುತ್ತಿದ್ದದ್ದು ಜಾವಾ ಮತ್ತು ಯೆಜ್ಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ತಯಾರಿಸಲು ಶುರು ಮಾಡಿ 1996ರಲ್ಲಿ ಬಾಗಿಲು ಹಾಕಿತು. ಬಾಗಿಲು ಹಾಕಿದ ಮೇಲೂ ಆ ಗಾಡಿಗಳು ರಸ್ತೆ ಬಿಡಲಿಲ್ಲ, ಇವತ್ತಿಗೂ ಓಡುತ್ತಿವೆ. ಓಡಿಸುತ್ತಿರುವವರು ಕಂಪನಿಯವರಲ್ಲ, ಮಿಸ್ತ್ರಿಗಳು. ಆ ಗಾಡಿಯಲ್ಲಿ ಮುಚ್ಚಿಟ್ಟದ್ದು ಏನೂ ಇರಲಿಲ್ಲ. ಬಿಚ್ಚಿದರೆ ಎಲ್ಲವೂ ಕಣ್ಣಿಗೆ ಕಾಣುತ್ತಿತ್ತು, ಕಂಡದ್ದನ್ನು ಕಲಿಯಬಹುದಿತ್ತು. ಕಂಪನಿ ಸತ್ತರೂ ಗಾಡಿ ಬದುಕಿದ್ದು ಆ ಒಂದೇ ಕಾರಣಕ್ಕೆ.

ಇಂಜೆಕ್ಷನ್ ನಮ್ಮ ದೇಶದ ಬೈಕುಗಳಿಗೆ 2020ರಲ್ಲೇ ಮೊದಲ ಸಲ ಬಂದದ್ದಲ್ಲ. 2006ರಲ್ಲಿ ಹೀರೊ ಹೋಂಡಾ ಗ್ಲಾಮರ್ ಎಫ್‌ಐ ಬಂತು, 2007ರಲ್ಲಿ ಪಲ್ಸರ್ 220 ಬಂತು. ಆ ಪಲ್ಸರ್ 2009ರಲ್ಲಿ ಮತ್ತೆ ಕಾರ್ಬುರೇಟರಿಗೆ ತಿರುಗಿತು. ನಮ್ಮ ಕಡೆ ಅಂಥ ಗಾಡಿ ಒಂದೋ ಎರಡೋ. ಕೆಟ್ಟರೆ ಹಾವೇರಿಗೋ ಹುಬ್ಬಳ್ಳಿಗೋ ಕಳಿಸಿದರಾಯಿತು ಎಂದು ಬಿಟ್ಟಿದ್ದೆವು. 2020ರ ಏಪ್ರಿಲ್ 1ರಿಂದ ಬಿಎಸ್-6 ಹೊಗೆ ನಿಯಮ ಕಡ್ಡಾಯವಾಯಿತು. ಲಾಕ್‌ಡೌನ್ ತೆರೆದು ಹೊಸ ಗಾಡಿಗಳು ಊರಿಗೆ ಬಂದಾಗ, ದಿನಾ ಹೊಲಕ್ಕೆ ಹೋಗುವ ಸಾಮಾನ್ಯ ಬೈಕುಗಳಲ್ಲೂ ಕಾರ್ಬುರೇಟರ್ ಇದ್ದ ಜಾಗದಲ್ಲಿ ಥ್ರಾಟಲ್ ಬಾಡಿ ಕೂತಿತ್ತು. ಸ್ಕ್ರೂಡ್ರೈವರ್ ಹಾಕುವ ಜಾಗವೇ ಇರಲಿಲ್ಲ.

ಬೇಜಾರು ಮಾಡಿಕೊಳ್ಳದೆ ಕಲಿಯಲು ಕೂತೆ. ಮಲ್ಟಿಮೀಟರ್ ಕೊಂಡೆ. ಕೀ ಆನ್ ಮಾಡಿದಾಗ ಟ್ಯಾಂಕಿನೊಳಗಿನ ಪಂಪ್ ಎರಡು ಮೂರು ಸೆಕೆಂಡು ಗುಂಯ್ ಎನ್ನಬೇಕು, ಅದು ಎದ್ದಿದ್ದಕ್ಕೆ ಗುರುತು. ಇಂಜೆಕ್ಟರಿನ ಸುರುಳಿ ಸುಮಾರು 12 ಓಮ್ ತೋರಿಸಬೇಕು. ಥ್ರಾಟಲ್ ಸೆನ್ಸರಿಗೆ ಇಸಿಯು 5 ವೋಲ್ಟ್ ಕೊಡುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ಸೆನ್ಸರಿನಿಂದ ವಾಪಸ್ ಬರುವುದು ಅರ್ಧ ವೋಲ್ಟಿನ ಆಸುಪಾಸು ಇದ್ದು, ತಿರುಗಿಸಿದಂತೆ ಎಲ್ಲೂ ಜಿಗಿಯದೆ ನಾಲ್ಕರ ಮೇಲಕ್ಕೆ ಏರಬೇಕು. ಹೋಂಡಾದ ಹಳೆಯ ಇಂಜೆಕ್ಷನ್ ಗಾಡಿಗಳಲ್ಲಿ ಮೀಟರಿನ ದೀಪವೇ ಲೆಕ್ಕ ಹೇಳುತ್ತಿತ್ತು. ಉದ್ದ ಮಿಣುಕು ಒಂದಕ್ಕೆ ಹತ್ತು, ಗಿಡ್ಡ ಮಿಣುಕು ಒಂದಕ್ಕೆ ಒಂದು. ಏಳು ಅಂದರೆ ಎಂಜಿನ್ ಶಾಖ, ಎಂಟು ಅಂದರೆ ಥ್ರಾಟಲ್, ಹನ್ನೆರಡು ಅಂದರೆ ಇಂಜೆಕ್ಟರ್. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡಿದ್ದೆ. ಯಾವ ಯಂತ್ರವೂ ಬೇಡ, ಎಣಿಸಲು ಬಂದರೆ ಸಾಕು. ಅದನ್ನು ಯೋಚಿಸಿದ ಎಂಜಿನಿಯರ್ ಯಾರೇ ಇರಲಿ, ದೂರದ ಹಳ್ಳಿಯ ಮೆಕ್ಯಾನಿಕ್ಕನ್ನು ನೆನಪಿನಲ್ಲಿಟ್ಟುಕೊಂಡು ಮಾಡಿದ್ದಾರೆ.

ಈಗ ಹೋದ ಮಳೆಗಾಲದ ಒಂದು ಗಾಡಿಯ ಸುದ್ದಿ ಹೇಳಬೇಕು.

ಹೊಳೆಯಾಚೆಯ ಹಳ್ಳಿಯ ರೈತರೊಬ್ಬರು ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಗಾಡಿ ಹೇರಿಕೊಂಡು ಬಂದರು. ಎರಡು ವರ್ಷದ ಗಾಡಿ.

"ಅಣ್ಣಾರ, ಮುಂಜಾನೆ ಚಲೋ ಚಾಲೂ ಆಕ್ಕೇತ್ರಿ. ಒಂದ್ ಮೈಲು ಹೋಗೂದ್ರಾಗ ಗುಡುಗುಡು ಅಂತೈತಿ, ಕರೀ ಹೊಗಿ ಬಿಡತೈತಿ. ಅರವತ್ತು ಕೊಡೂದು ಮೂವತ್ತೂ ಕೊಡವಲ್ದು."

"ಎಲ್ಲ್ಯರೆ ತೋರಿಸೀರೇನ್ರಿ?"

"ತೋರ್ಸೇನ್ರಿ. ಇಸಿಯು ಹೋಗೇತಿ, ಒಂಬತ್ತ್ ಸಾವಿರ ಆಕ್ಕೇತಿ ಅಂದ್ರು. ಗೋವಿನಜೋಳಕ್ಕ ಗೊಬ್ಬರ ಹಾಕೋದೈತಿ, ಎಲ್ಲಿಂದ ತರ್ಲ್ರಿ?"

ಹೇಳಿದ್ದು ಯಾರು ಎಂಬುದು ಇಲ್ಲಿ ಬೇಡ. ಅವರ ಮೇಲೆ ನನಗೆ ಸಿಟ್ಟೂ ಇಲ್ಲ. ಗಾಡಿ ಚಾಲೂ ಮಾಡಿದೆ. ಮೀಟರಿನಲ್ಲಿ ಎಚ್ಚರಿಕೆಯ ದೀಪ ಹೊತ್ತಿರಲಿಲ್ಲ. ಪ್ಲಗ್ ಬಿಚ್ಚಿದರೆ ಕಾಡಿಗೆಯಂಥ ಮಸಿ. ಏರ್ ಫಿಲ್ಟರ್ ಸ್ವಚ್ಛವಿತ್ತು. ಇಂಜೆಕ್ಟರ್ ಬಿಚ್ಚಿ ನೋಡಿದೆ, ಸೋರುತ್ತಿರಲಿಲ್ಲ. ಪಂಪ್ ಸರಿ, ಥ್ರಾಟಲ್ ಸೆನ್ಸರ್ ಸರಿ. ಹೀಗೆ ಒಂದೊಂದೇ ತೆಗೆಯುತ್ತ ಒಂದು ದಿನ ಹೋಯಿತು. ಮರುದಿನ ಎಂಜಿನ್ ಶಾಖದ ಸೆನ್ಸರಿಗೆ ಬಂದೆ. ಈ ಸೆನ್ಸರಿನ ಗುಣ ಏನೆಂದರೆ, ಎಂಜಿನ್ ತಣ್ಣಗಿದ್ದಾಗ ಅದರ ಓಮ್ ಹೆಚ್ಚು, ಕಾದಂತೆ ಕಡಿಮೆಯಾಗುತ್ತದೆ. ಕಾದ ಎಂಜಿನ್ನಿನಲ್ಲಿ ಸೆನ್ಸರಿನ ಬಾಯಲ್ಲೇ ಅಳೆದರೆ ಸುಮಾರು 300 ಓಮ್ ಬಂತು. ಅದೇ ವೈರಿನ ಆಚೆ ತುದಿಯಲ್ಲಿ, ಇಸಿಯು ಕಪ್ಲರಿನಲ್ಲಿ ಅಳೆದರೆ 2000 ದಾಟಿತು.

ನಡುವಿನ ವೈರನ್ನು ಬೆರಳಿನಿಂದ ಸವರುತ್ತ ಹೋದೆ. ಟ್ಯಾಂಕಿನ ಕೆಳಗೆ ಇಲಿ ಕಡಿದ ಗುರುತು ಸಿಕ್ಕಿತು. ಗಾಡಿ ರಾತ್ರಿ ನಿಲ್ಲುವುದು ಗೋವಿನಜೋಳದ ಚೀಲಗಳ ಪಕ್ಕ. ಮೇಲಿನ ಪ್ಲಾಸ್ಟಿಕ್ ಹರಿದು, ಮಳೆಯ ನೀರು ಒಳಗಿಳಿದು, ತಾಮ್ರ ಹಸಿರು ಪುಡಿಯಾಗಿತ್ತು. ಒಂದೆರಡು ಎಳೆ ಮಾತ್ರ ಉಳಿದಿದ್ದವು. ಎಳೆ ಪೂರ್ತಿ ಹರಿದಿದ್ದರೆ ಇಸಿಯುಗೆ ದೋಷ ಗೊತ್ತಾಗಿ ದೀಪ ಹೊತ್ತುತ್ತಿತ್ತು. ಪೂರ್ತಿ ಹರಿಯದೆ ತಡೆ ಮಾತ್ರ ಹೆಚ್ಚಾದ್ದರಿಂದ, ಎಂಜಿನ್ ಕುದಿಯುತ್ತಿದ್ದರೂ ಇಸಿಯುಗೆ ಅದು ಮುಂಜಾನೆಯ ತಣ್ಣನೆಯ ಎಂಜಿನ್ನಿನಂತೆ ಕಂಡಿತು. ತಣ್ಣಗಿದ್ದಾಗ ಆಕ್ಸಿಜನ್ ಸೆನ್ಸರಿನ ಮಾತನ್ನು ಅದು ಕೇಳುವುದಿಲ್ಲ. ಪೆಟ್ರೋಲ್ ಸುರಿಯುತ್ತಲೇ ಹೋಯಿತು. ಹಳೆಯ ಗಾಡಿಯಲ್ಲಿ ಚೋಕ್ ಎಳೆದಿಟ್ಟುಕೊಂಡು ಊರೂರು ತಿರುಗಿದಂತೆ.

ಹಸಿರಾದ ತುಂಡು ಕತ್ತರಿಸಿ, ಹೊಸ ವೈರಿಗೆ ಬೆಸುಗೆ ಹಾಕಿ, ಮೇಲೆ ಶ್ರಿಂಕ್ ಕೊಳವೆ ತೊಡಿಸಿದೆ. ಹೊಸ ಪ್ಲಗ್ ಸೇರಿ ನಾನೂರು ರೂಪಾಯಿ ತೆಗೆದುಕೊಂಡೆ. ಇಸಿಯುಗೆ ಏನೂ ಆಗಿರಲಿಲ್ಲ.

ಮಾನ್ಯರೇ, ಇದರಲ್ಲಿ ನನ್ನ ಜಾಣತನ ತೋರಿಸಿಕೊಳ್ಳುವ ಉದ್ದೇಶವಿಲ್ಲ. ನನಗೆ ಒಂದೂವರೆ ದಿನ ಹಿಡಿಯಿತು. ಇಸಿಯು ಓದುವ ನಿಮ್ಮ ಸ್ಕ್ಯಾನರನ್ನು ಸೀಟಿನ ಕೆಳಗಿನ ಆರು ಪಿನ್ನಿನ ಕನೆಕ್ಟರಿಗೆ ಸಿಕ್ಕಿಸಿದ್ದರೆ, 'ಎಂಜಿನ್ ಶಾಖ 20 ಡಿಗ್ರಿ' ಎಂದು ಒಂದೇ ನಿಮಿಷದಲ್ಲಿ ಕಾಣುತ್ತಿತ್ತು. ಕಾದ ಎಂಜಿನ್ನಿಗೆ 20 ಡಿಗ್ರಿ! ಹೈಸ್ಕೂಲ್ ಓದುವ ಹುಡುಗನಿಗೂ ಎಲ್ಲಿ ನೋಡಬೇಕೆಂದು ತಿಳಿಯುತ್ತಿತ್ತು. ಅನೇಕ ಬಿಎಸ್-6 ಗಾಡಿಗಳಲ್ಲಿ ಆ ಕನೆಕ್ಟರ್ ಕೆಂಪು ಬಣ್ಣದ್ದು, ಮೇಲೊಂದು ರಬ್ಬರ್ ಟೋಪಿ. ದಿನಕ್ಕೆ ಐದಾರು ಸಲ ಸೀಟು ಎತ್ತಿದಾಗ ಕಣ್ಣಿಗೆ ಬೀಳುತ್ತದೆ. ಒಳಗೆ ಎಲ್ಲ ಉತ್ತರವೂ ಇದೆ. ಕೇಳುವ ಭಾಷೆ ಮಾತ್ರ ನಿಮ್ಮ ಶೋರೂಮಿನ ಹೊರಗಿನವರಿಗೆ ಕೊಟ್ಟಿಲ್ಲ. ಮಾರುಕಟ್ಟೆಯಲ್ಲಿ ಸಿಗುವ ಅಗ್ಗದ ಸ್ಕ್ಯಾನರ್ ಒಂದು ಕಂಪನಿಗೆ ಆದರೆ ಇನ್ನೊಂದಕ್ಕೆ ಆಗುವುದಿಲ್ಲ. ಕೋಡ್ ತೋರಿಸುತ್ತದೆ, ಹೊಂದಿಸಲು ಬಿಡುವುದಿಲ್ಲ.

ಹೊಂದಿಸುವುದು ಅಂದರೆ ಏನು ಎಂಬುದನ್ನೂ ಹೇಳಿಬಿಡುತ್ತೇನೆ. ಇಂಜೆಕ್ಷನ್ ಗಾಡಿಗೆ ಟ್ಯೂನಿಂಗೇ ಇಲ್ಲ ಎಂದು ಶೋರೂಮಿನಲ್ಲಿ ಗಿರಾಕಿಗಳಿಗೆ ಹೇಳಿ ಕಳಿಸುತ್ತಾರೆ, ಅದು ಸರಿಯಲ್ಲ. ನಮ್ಮ ಕಡೆಯ ಮಣ್ಣು ದಾರಿಯಲ್ಲಿ ಓಡಿದ ಗಾಡಿಯ ಥ್ರಾಟಲ್ ಬಾಡಿಯಲ್ಲಿ, ಚಿಟ್ಟೆ ತಗಡಿನ ಅಂಚಿಗೆ, ಧೂಳೂ ಎಣ್ಣೆಯ ಜಿಡ್ಡೂ ಸೇರಿ ಕಪ್ಪು ಪದರ ಕಟ್ಟುತ್ತದೆ. ಗಾಳಿ ಕಡಿಮೆಯಾದಂತೆ ಇಸಿಯು ಐಡಲ್ ದಾರಿಯನ್ನು ಸ್ವಲ್ಪ ಸ್ವಲ್ಪವೇ ಹೆಚ್ಚು ತೆರೆದುಕೊಂಡು, ಅದನ್ನೇ ನೆನಪಿಟ್ಟುಕೊಳ್ಳುತ್ತದೆ. ನಾನು ಆ ಪದರ ತೊಳೆದು ಹಾಕಿದರೆ ಗಾಳಿ ಒಮ್ಮೆಲೆ ಹೆಚ್ಚಾಗಿ ಎಂಜಿನ್ ಕೂಗುತ್ತದೆ. ಹಳೆಯ ನೆನಪನ್ನು ಅಳಿಸಿ ಹೊಸದಾಗಿ ಕಲಿಸಬೇಕು. ಒಂದು ಕಂಪನಿಯಲ್ಲಿ ಅದಕ್ಕೆ ಸ್ಕ್ಯಾನರೇ ಬೇಕು. ಇನ್ನೊಂದರಲ್ಲಿ ಕೀ ಆನ್ ಮಾಡಿ ಆಕ್ಸಿಲರೇಟರ್ ಇಂತಿಷ್ಟು ಸಲ ತಿರುಗಿಸಿದರೆ ಆಗುತ್ತದೆ ಎನ್ನುತ್ತಾರೆ. ಎಷ್ಟು ಸಲ, ಎಷ್ಟು ಹೊತ್ತು ಎಂಬುದನ್ನು ನಾವು ತಿಳಿದುಕೊಳ್ಳುವುದು ಯೂಟ್ಯೂಬ್ ವಿಡಿಯೊಗಳಿಂದ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಿಮ್ಮ ಸರ್ವಿಸ್ ಪುಸ್ತಕದಲ್ಲಿ ಅದು ಎರಡು ಸಾಲಿನ ವಿಷಯವಿರಬೇಕು. ಆ ಎರಡು ಸಾಲು ನಮಗೇಕೆ ಸಿಗಬಾರದು?

ಪೆಟ್ರೋಲಿನ ಮಾತೂ ಇದೆ. ಈಗ ಬಂಕಿನಲ್ಲಿ ಬರುವುದು ಶೇ 20 ಎಥನಾಲ್ ಬೆರೆಸಿದ ಪೆಟ್ರೋಲು. ನಮ್ಮ ಹೊಲಗಳಲ್ಲಿ ಬೆಳೆಯುವ ಗೋವಿನಜೋಳದಿಂದಲೂ ಎಥನಾಲ್ ತಯಾರಾಗುತ್ತದೆ, ರೈತರಿಗೆ ಬೆಲೆ ಸಿಕ್ಕರೆ ನನಗೂ ಸಂತೋಷವೇ. ಆದರೆ ಶುದ್ಧ ಪೆಟ್ರೋಲಿನ ಒಂದು ಪಾಲು ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು, ಎಥನಾಲಿಗೆ 9 ಪಾಲು ಸಾಕು. ಬೆರೆಸಿದ ಮೇಲೆ ಲೆಕ್ಕ ಹದಿಮೂರೂವರೆಯ ಹತ್ತಿರ ಬರುತ್ತದೆ. ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. ಕಾರ್ಬುರೇಟರಿನ ಹಳೆಯ ಗಾಡಿ ಬಂದರೆ ಜೆಟ್ ಬದಲಿಸಿ, ಸ್ಕ್ರೂ ತಿರುಗಿಸಿ ನಾನೇ ಹೊಂದಿಸುತ್ತೇನೆ. ಇಂಜೆಕ್ಷನ್ ಗಾಡಿಯಲ್ಲಿ ನಿಧಾನಕ್ಕೆ ಓಡುವಾಗ ಆಕ್ಸಿಜನ್ ಸೆನ್ಸರ್ ಅದನ್ನು ತಾನೇ ಸರಿಪಡಿಸುತ್ತದೆ. ಆದರೆ ಹಿಂದಿನ ಸೀಟಿನ ಮೇಲೆ ಎರಡು ಚೀಲ ಗೊಬ್ಬರ ಹೇರಿಕೊಂಡು ಏರು ಹತ್ತುವಾಗ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿದಾಗ, ಇಸಿಯು ನೋಡುವುದು ನೀವು ಬರೆದಿಟ್ಟ ಇಂಧನದ ಕೋಷ್ಟಕವನ್ನು. ಆ ಗಾಡಿಯ ಕೋಷ್ಟಕ ಯಾವ ಪೆಟ್ರೋಲಿಗೆ ಬರೆದದ್ದು, ಹೊಸ ಸಾಫ್ಟ್‌ವೇರ್ ಇದೆಯೋ ಇಲ್ಲವೋ ಎಂದು ಗಿರಾಕಿ ನನ್ನನ್ನೇ ಕೇಳುತ್ತಾನೆ. ಮಳೆಗಾಲದಲ್ಲಿ ಇನ್ನೊಂದು ತಾಪತ್ರಯ. ಎಥನಾಲಿಗೆ ನೀರು ಹೀರುವ ಗುಣ. ಟ್ಯಾಂಕಿನ ಮುಚ್ಚಳದಿಂದ ನೀರಿಳಿದು ಹೆಚ್ಚಾದರೆ, ನೀರೂ ಎಥನಾಲೂ ಸೇರಿ ತಳಕ್ಕೆ ಕೂರುತ್ತದೆ. ಪಂಪ್ ಇರುವುದೂ ತಳದಲ್ಲೇ. ಕೆಲವು ಗಾಡಿಗಳಲ್ಲಿ ಪಂಪಿನ ಸಣ್ಣ ಫಿಲ್ಟರ್ ಬಿಡಿಯಾಗಿ ಸಿಗುವುದಿಲ್ಲ, ಇಡೀ ಜೋಡಣೆಯನ್ನೇ ಕೊಳ್ಳಬೇಕು. ಅಂಗೈಯಗಲದ ಜಾಲರಿಗಾಗಿ ರೈತ ಸಾವಿರಾರು ರೂಪಾಯಿ ಕೊಡುವುದನ್ನು ನೋಡಿದಾಗ ನನಗೆ ನೋವಾಗುತ್ತದೆ.

ನಿಮ್ಮ ಆತಂಕವೂ ನನಗೆ ಅರ್ಥವಾಗುತ್ತದೆ. ಎಲ್ಲರಿಗೂ ಬಾಗಿಲು ತೆರೆದರೆ ಕೈ ಹಾಕಬಾರದ ಕಡೆ ಕೈ ಹಾಕುತ್ತಾರೆ ಎನ್ನುತ್ತೀರಿ. ಸೈಲೆನ್ಸರಿನ ಒಳಗಿನ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು, ಊರಿಗೆಲ್ಲ ಕೇಳುವಂತೆ ಸದ್ದು ಮಾಡಿಸಿಕೊಳ್ಳುವ ಹುಡುಗರು ನಮ್ಮಲ್ಲೂ ಇದ್ದಾರೆ. ಶಾಖದ ಸೆನ್ಸರಿಗೆ ಒಂದು ರೆಸಿಸ್ಟರ್ ಸಿಕ್ಕಿಸಿ 'ಪವರ್ ಚಿಪ್' ಎಂದು ಮಾರುವವರೂ ಇದ್ದಾರೆ. ಆ ಚಿಪ್ ಮಾಡುವುದು ನಮ್ಮ ರೈತನ ಗಾಡಿಗೆ ಇಲಿ ಮಾಡಿದ ಕೆಲಸವನ್ನೇ. ನಾನು ಅಂಥದ್ದನ್ನು ಹಾಕಿಕೊಡುವುದಿಲ್ಲ. ಗಾಡಿಯ ಮೂಲ ರಚನೆ ಬದಲಿಸಬಾರದೆನ್ನುವ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇದೆ, ಅದಕ್ಕಿಂತ ಮೊದಲು ಅದೇ ಹೊಗೆ ಕುಡಿಯುವವರು ನಮ್ಮ ಮಕ್ಕಳೇ. ರೇಸಿಗೆಂದು, ಓದಿ ತಿಳಿದು ಟ್ಯೂನ್ ಮಾಡುವವರ ಮಾತು ಬೇರೆ. ಬೆಂಗಳೂರಿನ ರೇಸ್ ಡೈನಾಮಿಕ್ಸ್‌ನವರು ಪವರ್‌ಟ್ರಾನಿಕ್ ಎಂಬ ಟ್ಯೂನಿಂಗ್ ಪೆಟ್ಟಿಗೆಯನ್ನೇ ಇಲ್ಲಿ ತಯಾರಿಸಿದ್ದಾರೆ. ನಾನು ಕೇಳುತ್ತಿರುವುದು ಅದನ್ನೂ ಅಲ್ಲ. ನಿಮ್ಮ ಕೋಷ್ಟಕವನ್ನು ತಿದ್ದುವ ಅಧಿಕಾರ ನನಗೆ ಬೇಡ. ಅದಕ್ಕೆ ಬೀಗವಿರಲಿ. ಸೆನ್ಸರ್ ಏನು ಹೇಳುತ್ತಿದೆ ಎಂದು ಓದುವುದಕ್ಕೆ, ತೊಳೆದ ಮೇಲೆ ಐಡಲ್ ಕಲಿಸುವುದಕ್ಕೆ, ಸರಿಪಡಿಸಿದ ದೋಷದ ಕೋಡ್ ಅಳಿಸುವುದಕ್ಕೆ ಬೀಗ ಯಾಕೆ?

ಇದು ನನ್ನೊಬ್ಬನ ಬೇಡಿಕೆಯಲ್ಲ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿಗೂ ಮೀರಿ ದಂಡ ಹಾಕಿದ್ದು, ಬಿಡಿಭಾಗ, ರಿಪೇರಿ ಪುಸ್ತಕ, ಪರೀಕ್ಷಾ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ ಪ್ರಕರಣದಲ್ಲಿ. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರಿಪೇರಿಯ ಹಕ್ಕು' ಕುರಿತು ಸಮಿತಿ ಮಾಡಿತು. ಕೃಷಿ ಸಲಕರಣೆ, ಮೊಬೈಲು, ಮನೆಬಳಕೆಯ ಯಂತ್ರಗಳ ಜೊತೆ ವಾಹನವನ್ನೂ ಸೇರಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ಯುರೋಪಿನಲ್ಲಿ ಬೈಕುಗಳಿಗೆಂದೇ 2013ರ 168ನೇ ನಿಯಮವಿದೆ. ಅಲ್ಲಿ ಗಾಡಿ ಮಾರುವ ಕಂಪನಿ ತನ್ನ ರಿಪೇರಿ ಮಾಹಿತಿಯನ್ನು ಸ್ವತಂತ್ರ ಮೆಕ್ಯಾನಿಕ್ಕುಗಳಿಗೂ ಕೊಡಬೇಕು. ನಿಮ್ಮಲ್ಲಿ ಹಲವರು ಆ ಮಾರುಕಟ್ಟೆಗೂ ಗಾಡಿ ಕಳಿಸುತ್ತೀರಿ. ಅಲ್ಲಿಯವರಿಗೆ ಕೊಡಲು ಬರುವುದನ್ನು ನಿಮ್ಮ ಗಾಡಿ ಹೆಚ್ಚು ಕೊಳ್ಳುವ ಈ ನೆಲದವರಿಗೆ ಕೊಡಲು ಅಡ್ಡಿ ಏನಿದೆ?

ವಿದ್ಯೆ ದೂರದಲ್ಲೇನೂ ಇಲ್ಲ. ಇಂಧನ ಚಿಮ್ಮಿಸುವ ಪಂಪು ನಾಜಲ್‌ಗಳನ್ನು ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೋದವರು 1950ರ ದಶಕದಿಂದಲೇ ಮಾಡುತ್ತ ಬಂದರು, ಆ ಕಂಪನಿ ಈಗ ಬಾಷ್. ಟಿವಿಎಸ್ ಗಾಡಿಗಳು ಮೈಸೂರಿನಲ್ಲಿ, ಹೋಂಡಾ ಗಾಡಿಗಳು ಕೋಲಾರದ ನರಸಾಪುರದಲ್ಲಿ ತಯಾರಾಗುತ್ತವೆ. ಕನ್ನಡ ಮಾತನಾಡುವ ಕೈಗಳೇ ಆ ಇಸಿಯುವನ್ನು ಗಾಡಿಗೆ ಕೂರಿಸುತ್ತಿವೆ. ಹಾಗಿದ್ದ ಮೇಲೆ ದೋಷದ ಕೋಡುಗಳ ಒಂದು ಪಟ್ಟಿ, ವೈರಿಂಗ್ ನಕ್ಷೆ, ಪ್ರತಿ ಸೆನ್ಸರಿನ ಸರಿಯಾದ ವೋಲ್ಟು ಓಮುಗಳ ಪುಸ್ತಕ ಕನ್ನಡದಲ್ಲಿ ಬರುವುದು ಕಷ್ಟದ ಕೆಲಸವಲ್ಲ. ಪುಕ್ಕಟೆ ಕೊಡಿ ಎನ್ನುತ್ತಿಲ್ಲ, ಬೆಲೆ ಇಡಿ. ಸ್ಕ್ಯಾನರಿಗೂ ಬೆಲೆ ಇಡಿ, ನಮ್ಮಂಥ ಗ್ಯಾರೇಜು ಒಂದು ವರ್ಷದ ದುಡಿಮೆಯಲ್ಲಿ ತೀರಿಸಬಹುದಾದಷ್ಟು. ಹಾವೇರಿಯಲ್ಲೋ ರಾಣೆಬೆನ್ನೂರಿನಲ್ಲೋ ವರ್ಷಕ್ಕೆ ನಾಲ್ಕು ದಿನ ತರಬೇತಿ ಇಟ್ಟರೆ ಬಾಗಿಲು ಹಾಕಿಕೊಂಡು ಬರುತ್ತೇವೆ. ಪರೀಕ್ಷೆ ಬೇಕಾದರೂ ಮಾಡಿ, ಪಾಸಾದವರಿಗಷ್ಟೇ ಕೊಡಿ.

ಬಿಎಸ್-6 ಬಂದ ಮೇಲೆ ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಕೆಲವು ಹಿರಿಯ ಮೆಕ್ಯಾನಿಕ್ಕುಗಳು ಪಂಕ್ಚರ್ ಮತ್ತು ಆಯಿಲ್ ಬದಲಿಸುವುದಕ್ಕೆ ಸೀಮಿತರಾದರು. ಕೈಯಲ್ಲಿ ವಿದ್ಯೆ ಇಲ್ಲದವರಲ್ಲ ಅವರು. ಎಂಜಿನ್ನಿನ ಸದ್ದು ಕೇಳಿ ವಾಲ್ವ್ ಎಷ್ಟು ಸಡಿಲವಾಗಿದೆ ಎಂದು ಹೇಳಬಲ್ಲವರು. 2025ರ ಏಪ್ರಿಲ್‌ನಿಂದ ಹೊಸ ಗಾಡಿಗಳಿಗೆ ಇನ್ನೂ ಬಿಗಿಯಾದ ಓಬಿಡಿ, ಅಂದರೆ ಸ್ವಯಂ ತಪಾಸಣೆಯ, ನಿಯಮ ಬಂದಿದೆ. ಗಾಡಿ ತನ್ನನ್ನು ತಾನೇ ಇನ್ನಷ್ಟು ಸೂಕ್ಷ್ಮವಾಗಿ ಕಾಯುತ್ತದೆ, ಇನ್ನಷ್ಟು ಸಲ ದೀಪ ಹೊತ್ತಿಸುತ್ತದೆ. ದೀಪ ಹೊತ್ತಿದಾಗ ಗಾಡಿ ಇರುವುದು ಹೊಲದ ಬದುವಿನಲ್ಲಿ.

ನನ್ನ ಹತ್ತಿರ ಕಲಿಯುತ್ತಿರುವ ಹುಡುಗ ಐಟಿಐ ಮುಗಿಸಿ ಬಂದವನು. ಮೀಟರ್ ಹಿಡಿಯುವುದರಲ್ಲಿ ನನಗಿಂತ ಚುರುಕು. ಮೊನ್ನೆ ಒಂದು ಗಾಡಿಯ ಸೀಟು ಎತ್ತಿ, ಆ ಕೆಂಪು ಕನೆಕ್ಟರಿನ ಟೋಪಿ ತೆಗೆದು, "ಇದನ್ನ ಓದಾಕ ನಮಗ ಯಾವಾಗ ಬರತೈತಣ್ಣ?" ಎಂದು ಕೇಳಿದ. ಅವನ ಪ್ರಶ್ನೆಯನ್ನು ನಿಮಗೆ ಕಳಿಸುತ್ತಿದ್ದೇನೆ. ದಯವಿಟ್ಟು ಉತ್ತರ ಕೊಡಿ.

ಇಂತಿ ನಿಮ್ಮ ವಿಶ್ವಾಸಿ,
ರಟ್ಟೀಹಳ್ಳಿಯ ಒಬ್ಬ ಮೆಕ್ಯಾನಿಕ್